ದವಡೆ ಇಲ್ಲದ ಮೀನು ಹೇಗೆ ತಿನ್ನುತ್ತಿತ್ತು? ಅದರ ಪಳೆಯುಳಿಕೆಯನ್ನು ಶಾಲೆಗೆ ಕೊಳ್ಳಬಹುದಾ?

ಪ್ರಶ್ನೆ: "ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯ ಹುಡುಗನೊಬ್ಬ ಮೊಬೈಲಿನಲ್ಲಿ ಒಂದು ಮೀನಿನ ಚಿತ್ರ ತೋರಿಸಿದ. ಮುಖದ ಮುಂದೆಯೇ ಎರಡು ಗುಂಡು ಕಣ್ಣು, ಕೆಳಗೆ ತೆರೆದ ಬಾಯಿ. 'ಸಕಬಂಬಾಸ್ಪಿಸ್ ಅಂತೆ ಮಿಸ್, ದವಡೆನೇ ಇಲ್ವಂತೆ, ಹಾಗಾದ್ರೆ ಹೇಗೆ ತಿಂತಿತ್ತು?' ಅಂತ ಕೇಳಿದ. ಕೆಸರು ತಿನ್ನುತ್ತಿತ್ತು, ಆಮೇಲೆ ದವಡೆ ಇರುವ ಮೀನುಗಳು ಬಂದು ಇವನ್ನೆಲ್ಲ ಮುಗಿಸಿದವು ಅಂತ ನಾನು ಓದಿದ್ದನ್ನೇ ಹೇಳಿದೆ. ನನಗೇ ಸಮಾಧಾನ ಆಗಲಿಲ್ಲ. ಅದೇ ವಾರ ಇನ್ನೊಬ್ಬಳು ಹುಡುಗಿ ಅವರೂರ ಕೆರೆಯಲ್ಲಿ ಬಲೆಗೆ ಸಿಕ್ಕ ಮೀನಿನ ಫೋಟೊ ತಂದಳು. ಮೈತುಂಬ ಗಟ್ಟಿ ಚಿಪ್ಪು. '40 ಕೋಟಿ ವರ್ಷ ಹಿಂದಿನ ಮೀನು' ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆಯಂತೆ. ಈಗ ಆನ್‌ಲೈನಿನಲ್ಲಿ ಒಬ್ಬರು ಸೆಫಲಾಸ್ಪಿಸ್ ಎಂಬ ಇಂಥದ್ದೇ ದವಡೆಯಿಲ್ಲದ ಮೀನಿನ ಪಳೆಯುಳಿಕೆಯನ್ನು 18 ಸಾವಿರಕ್ಕೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಶಿಕ್ಷಕರೆಲ್ಲ ಸೇರಿ ಹಣ ಹಾಕೋಣ ಅಂತಿದ್ದೇವೆ. ಕೊಳ್ಳಬಹುದಾ? ಇಲ್ಲಾ, ನಮ್ಮ ಕಡೆಯ ಕಲ್ಲಿನಲ್ಲೇ ಹುಡುಕಿದರೆ ಸಿಗುತ್ತದಾ?"

ಉತ್ತರ:

ಮೇಡಂ, ಸದ್ಯಕ್ಕೆ ಹಣ ಕಟ್ಟಬೇಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ. ಅದಕ್ಕಿಂತ ಮೊದಲು ಆ ಹುಡುಗನ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕು. ನೀವು ಹೇಳಿದ ಉತ್ತರ ನಿಮ್ಮ ತಪ್ಪಲ್ಲ. ಎಷ್ಟೋ ಪುಸ್ತಕಗಳಲ್ಲಿ ಇವತ್ತಿಗೂ ಹಾಗೇ ಇದೆ, ನಾನೂ ಕಾಲೇಜಿನಲ್ಲಿ ಅದನ್ನೇ ಬರೆದು ಪಾಸಾದವನು.

ಕೆರೆಯ ಮೀನಿನ ವಿಷಯ ಬೇಗ ಮುಗಿಸೋಣ. ನೀವು ಹೇಳುವ ಹಾಗೆ ಮೈತುಂಬ ಗಟ್ಟಿ ಚಿಪ್ಪು, ಜೊತೆಗೆ ಕೆಳಮುಖವಾದ ಬಾಯಿ, ಬೆನ್ನ ಮೇಲೆ ಪಟದ ಹಾಗೆ ಬಿಚ್ಚಿಕೊಳ್ಳುವ ರೆಕ್ಕೆ ಇದ್ದರೆ ಅದು ಸಕ್ಕರ್ ಮೀನು. ಅಕ್ವೇರಿಯಂ ಅಂಗಡಿಯಲ್ಲಿ ಗಾಜಿನ ಪಾಚಿ ತಿನ್ನಲಿ ಅಂತ ಮಾರುತ್ತಾರಲ್ಲ, ಅದೇ. ಇದರ ಮೂಲ ದಕ್ಷಿಣ ಅಮೆರಿಕ. ದೊಡ್ಡದಾದ ಮೇಲೆ ತೊಟ್ಟಿಯಲ್ಲಿ ಹಿಡಿಸುವುದಿಲ್ಲ ಅಂತ ಜನ ಕೆರೆಗೆ ಬಿಡುತ್ತಾರೆ, ಅಲ್ಲಿ ಅದು ಮರಿ ಮಾಡಿ ನಮ್ಮ ಮೀನುಗಳ ಜಾಗ ಹಿಡಿಯುತ್ತದೆ. ಮತ್ತೆ ನೀರಿಗೆ ಬಿಡಬೇಡಿ ಅಂತ ಆ ಹುಡುಗಿಯ ಮನೆಯವರಿಗೆ ಹೇಳಿ. ಚಿಪ್ಪು ನೋಡಿ ಹಳೇ ಮೀನು ಅಂದುಕೊಳ್ಳುವುದು ಸಹಜ. ಆದರೆ ಇದು ಮೀಸೆ ಇರುವ ಬೆಕ್ಕುಮೀನುಗಳ ಗುಂಪಿಗೆ ಸೇರಿದ್ದು. ಇದಕ್ಕೆ ದವಡೆ ಇದೆ, ದವಡೆಯಲ್ಲಿ ಕೆರೆಯುವ ಹಲ್ಲೂ ಇದೆ. ಸತ್ತ ಮೀನು ಸಿಕ್ಕರೆ ಬಾಯಿ ತೆರೆದು ಮಕ್ಕಳಿಗೆ ತೋರಿಸಿ. ಈ ಪಾಠಕ್ಕೆ ಅದೂ ಬೇಕಾಗುತ್ತದೆ.

ಈಗ ಆ ಗುಂಡು ಕಣ್ಣಿನ ಮೀನು. ಹುಡುಗ ನೋಡಿದ್ದು ಬಹುಶಃ ಫಿನ್ಲೆಂಡಿನ ಹೆಲ್ಸಿಂಕಿಯ ಮ್ಯೂಸಿಯಂನಲ್ಲಿರುವ ಮಾದರಿಯ ಫೋಟೊ. 2022ರಲ್ಲಿ ಅದು ಲೋಕವೆಲ್ಲ ಓಡಾಡಿತು. ಮಾದರಿಯ ಮುಖಭಾವ ಮಾಡಿದವರದ್ದು, ಪ್ರಾಣಿ ಮಾತ್ರ ನಿಜ. ಬೊಲಿವಿಯಾದ ಸಕಬಂಬಾ ಎಂಬ ಹಳ್ಳಿಯ ಹತ್ತಿರ ಸಿಕ್ಕಿತು, 1986ರಲ್ಲಿ ಹೆಸರಿಟ್ಟರು. ವಯಸ್ಸು ಸುಮಾರು 45 ಕೋಟಿ ವರ್ಷ, ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ತಲೆಗೆ ಮೇಲೊಂದು ಕೆಳಗೊಂದು ದೊಡ್ಡ ಮೂಳೆ ಫಲಕ, ಬದಿಯಲ್ಲಿ ಕಿವಿರು ಇರುವ ಕಡೆ ಪುಟ್ಟ ಪುಟ್ಟ ಫಲಕಗಳ ಸಾಲು. ಕಣ್ಣು ನಿಜವಾಗಿಯೂ ತಲೆಯ ತುದಿಯಲ್ಲೇ, ಒಂದರ ಪಕ್ಕ ಒಂದು ಇದ್ದವು. ಬಾಲ ಬಿಟ್ಟರೆ ಬೇರೆ ರೆಕ್ಕೆ ಇರಲಿಲ್ಲ.

ಬಾಯಿ? ಇಲ್ಲೇ ಒಂದು ಗೊಂದಲ ಬಿಡಿಸಬೇಕು. ದವಡೆ ಇಲ್ಲ ಅಂದ ಕೂಡಲೇ ಬಾಯಿ ಇಲ್ಲ, ಕಚ್ಚಲಿಕ್ಕಾಗುವುದಿಲ್ಲ, ಏನೂ ಹಿಡಿಯಲಿಕ್ಕಾಗುವುದಿಲ್ಲ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ದವಡೆ ಅಂದರೆ ಕೀಲು ಇರುವ, ಮೇಲೆ ಕೆಳಗೆ ಆಡುವ ಎರಡು ಕಮಾನು. ಅದಿಲ್ಲದೆಯೂ ಬಾಯಿಯ ಕೆಲಸ ನಡೆಯುತ್ತದೆ. ಸಕಬಂಬಾಸ್ಪಿಸ್‌ನ ಬಾಯಿಯ ಕೆಳತುಟಿಯ ಜಾಗದಲ್ಲಿ ಸಣ್ಣ ಫಲಕಗಳು ಸಾಲುಸಾಲಾಗಿ ಇದ್ದವು. ಇದಕ್ಕಿಂತ ಆಮೇಲೆ ಬಂದ ಹೆಟರೊಸ್ಟ್ರಾಕನ್ ಎಂಬ ಗುಂಪಿನಲ್ಲಿ ಇದೇ ಇನ್ನೂ ಅಚ್ಚುಕಟ್ಟಾಯಿತು. ಬೀಸಣಿಗೆಯ ಕಡ್ಡಿಗಳ ಹಾಗೆ ಉದ್ದುದ್ದ ಫಲಕಗಳು ಬಾಯಿಯ ಕೆಳಅಂಚಿನಲ್ಲಿ ಒಂದರ ಪಕ್ಕ ಒಂದು.

ಈ ಫಲಕಗಳಿಂದ ಕೆಸರು ಬಾಚಿ ತಿನ್ನುತ್ತಿದ್ದವು ಅಂತ ಬಹಳ ಕಾಲ ನಂಬಿದ್ದರು. 2002ರಲ್ಲಿ ಲೆಸ್ಟರ್ ವಿಶ್ವವಿದ್ಯಾಲಯದ ಮಾರ್ಕ್ ಪರ್ನೆಲ್ ಆ ಫಲಕಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಫಲಕದ ಮೇಲೆ ಕೊಕ್ಕೆಯಂಥ ಸಣ್ಣ ಮುಳ್ಳುಗಳಿವೆ, ಅವುಗಳ ಮೊನೆ ಹೊರಗಡೆಗೆ ತಿರುಗಿದೆ. ಕೆಸರು ಬಾಚುವುದಾದರೆ ಮೊನೆ ಒಳಗೆ ತಿರುಗಿರಬೇಕು, ಅಲ್ವಾ? ಮತ್ತೆ ಮರಳು ಕೆಸರು ದಿನಾ ಉಜ್ಜಿದ್ದರೆ ಮೊನೆ ಸವೆದಿರಬೇಕು. ಸವೆದಿಲ್ಲ, ಚೂಪಾಗೇ ಇವೆ. ಅಂದರೆ ಇವು ನೀರಿನಲ್ಲಿ ತೇಲುವ ಸಣ್ಣ ಜೀವಿ, ಪಾಚಿ ಚೂರು ಇಂಥದ್ದನ್ನು ನೀರಿನ ಜೊತೆ ಒಳಗೆ ಎಳೆದು, ಕಿವಿರಿನ ಹತ್ತಿರ ಸೋಸಿ ತಿನ್ನುತ್ತಿದ್ದವು. ಬೇಡದ ದೊಡ್ಡ ಚೂರು ಒಳಗೆ ಬರದ ಹಾಗೆ ಆ ಮುಳ್ಳುಗಳು ತಡೆಯುತ್ತಿದ್ದಿರಬೇಕು. 2024ರಲ್ಲಿ ರೈನೊಪ್ಟೆರಾಸ್ಪಿಸ್ ಎಂಬ ಮೀನಿನ ಬಾಯಿಯನ್ನು ಸಿಟಿ ಸ್ಕ್ಯಾನ್ ಮಾಡಿ ಮೂರು ಆಯಾಮದಲ್ಲಿ ಜೋಡಿಸಿ ನೋಡಿದಾಗಲೂ ಆ ಫಲಕಗಳು ಕಚ್ಚುವ ಕೆಲಸಕ್ಕೆ ಆಗುವಂಥವಲ್ಲ ಅಂತಲೇ ಕಂಡಿತು.

ಆದರೆ ಎಲ್ಲವೂ ಹೀಗೇ ತಿನ್ನುತ್ತಿದ್ದವು ಅಂತ ಮಕ್ಕಳಿಗೆ ಹೇಳಬೇಡಿ. ಕೆನಡಾದ ಮೆಕೆಂಜಿ ಬೆಟ್ಟಗಳಲ್ಲಿ ಥೆಲೊಡಾಂಟ್ ಎಂಬ ಗುಂಪಿನ ಮೀನುಗಳು ಸಿಕ್ಕಿವೆ. ಇವುಗಳಿಗೆ ದೊಡ್ಡ ಕವಚವೇ ಇಲ್ಲ, ಮೈಯೆಲ್ಲ ಪುಟಾಣಿ ಹುರುಪೆ. ಮೈ ಎರಡೂ ಪಕ್ಕದಿಂದ ಒತ್ತಿದ ಹಾಗೆ ಚಪ್ಪಟೆ, ಬಾಲ ಕವಲು. ಕೆಲವದರ ಹೊಟ್ಟೆಯ ಅಚ್ಚು ಕೂಡ ಕಲ್ಲಿನಲ್ಲಿ ಉಳಿದಿದೆ. ನೆಲಕ್ಕಂಟಿ ಬಿದ್ದಿರುವ ಮೀನಿನ ಆಕಾರ ಅದಲ್ಲ, ನೀರಿನ ನಡುವೆ ಈಜುವ ಮೀನಿನದು. ಇನ್ನು ಕೊನೊಡಾಂಟ್‌ಗಳಂತೂ ಬೇರೆಯೇ ಕಥೆ. ಹಾವಿನ ಮರಿಯಂಥ ಮೈ, ದವಡೆ ಇಲ್ಲ, ಆದರೆ ಗಂಟಲಿನಲ್ಲಿ ಹಲ್ಲಿನಂಥ ಚೂರುಗಳು. ಅವುಗಳ ಮೇಲೆ ಜಗಿದ ಗೀರು, ಸವೆತ ಎರಡೂ ಇದೆ. ನಮ್ಮ ಹಾಗೆ ಮೇಲೆ ಕೆಳಗೆ ಅಲ್ಲ, ಎಡಬಲದಿಂದ ಕತ್ತರಿಯ ಹಾಗೆ ಜಗಿಯುತ್ತಿದ್ದವು. ಆ ಹಲ್ಲುಗಳನ್ನು ಕ್ರಿಶ್ಚಿಯನ್ ಪಾಂಡರ್ 1856ರಲ್ಲೇ ವಿವರಿಸಿದ್ದರು, ಹಲ್ಲಿನ ಒಡೆಯ ಯಾರು ಅಂತ ಗೊತ್ತಾಗಲಿಕ್ಕೆ 1983ರವರೆಗೆ ಕಾಯಬೇಕಾಯಿತು. ಎಡಿನ್‌ಬರೋ ಹತ್ತಿರದ ಕಲ್ಲಿನ ಪದರದ, ಸುಮಾರು 4 ಸೆಂಟಿಮೀಟರ್ ಉದ್ದದ ಒಂದು ಅಚ್ಚು ಸಂಗ್ರಹದಲ್ಲೇ ಇತ್ತು. ಅದರಲ್ಲಿ ಹಲ್ಲು ಇದ್ದ ಜಾಗದಲ್ಲೇ ಇತ್ತು.

ಹುಡುಗನಿಗೆ ಇಷ್ಟು ಹೇಳಿದರೆ ಸಾಕು: ದವಡೆ ಇಲ್ಲ ಅನ್ನುವುದು ನಾವಿಟ್ಟ ಹೆಸರು, ನಮ್ಮನ್ನು ಅಳತೆಗೋಲು ಮಾಡಿಕೊಂಡು ಇಟ್ಟದ್ದು. ಅವುಗಳಿಗೆ ಏನಿತ್ತು ಅಂತ ನೋಡಿದರೆ ಪಾಠವೇ ಬದಲಾಗುತ್ತದೆ.

ಏನಿತ್ತು ಅನ್ನುವುದಕ್ಕೆ ಸೆಫಲಾಸ್ಪಿಸ್ ಒಂದೇ ಸಾಕು. ನಿಮಗೆ ಮಾರಲಿಕ್ಕೆ ಬಂದಿದೆಯಲ್ಲ, ಅದೇ ಹೆಸರು. ಲೂಯಿ ಅಗಾಸಿ 1835ರಲ್ಲಿ ಇಟ್ಟದ್ದು. ತಲೆ ಕುದುರೆ ಲಾಳದ ಆಕಾರ. ಹೊಟ್ಟೆ ಕಡೆ ಚಪ್ಪಟೆ, ಬಾಯಿ ಅಡಿಯಲ್ಲಿ. ಕಣ್ಣು ತಲೆಯ ಮೇಲೆ ಹತ್ತಿರ ಹತ್ತಿರ, ಅವುಗಳ ನಡುವೆ ಸಾಸಿವೆಯಷ್ಟು ಒಂದು ರಂಧ್ರ, ಅದರ ಮುಂದೆ ಬೀಗದ ಕೈ ಹಾಕುವ ತೂತಿನಂಥ ಒಂದೇ ಮೂಗು. ಇಂಥ ತಲೆ ಬರೀ ಬಿಡಿಯಾಗಿ ಸಿಕ್ಕಾಗ ಅದು ಮೀನೇ ಅಲ್ಲ, ಟ್ರೈಲೊಬೈಟ್ ಎಂಬ, ಕೀಟದ ಹಾಗೆ ಕಾಲಿನ ಹಳೇ ಸಮುದ್ರ ಪ್ರಾಣಿ ಅಂದುಕೊಂಡವರೂ ಇದ್ದರು. ಇದರ ನೆಂಟ ಪ್ಟೆರಾಸ್ಪಿಸ್‌ನ ಫಲಕವನ್ನು 1847ರಲ್ಲಿ ರುಡಾಲ್ಫ್ ಕ್ನರ್ ಬೊಂಡಾಸ್ ಜಾತಿಯ ಪ್ರಾಣಿಯ ಮೈಯೊಳಗಿನ ಬಿಳಿ ಚಿಪ್ಪು ಅಂತ ತಿಳಿದಿದ್ದರು. 1858ರಲ್ಲಿ ಥಾಮಸ್ ಹಕ್ಸ್‌ಲಿ ಎರಡನ್ನೂ ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿ, ಇವು ಮೀನುಗಳೇ ಅಂತ ತೋರಿಸಿದರು.

ಒಳಗೇನಿದೆ ಅಂತ ನೋಡಿದ್ದು ಸ್ವೀಡನ್ನಿನ ಎರಿಕ್ ಸ್ಟೆನ್ಶಿಯೊ. ಉತ್ತರ ಧ್ರುವದ ಹತ್ತಿರದ ಸ್ಪಿಟ್ಸ್‌ಬರ್ಗನ್ ದ್ವೀಪದಿಂದ ತಂದ ತಲೆಗಳನ್ನು ಒಂದು ಮಿಲಿಮೀಟರಿನ ಚೂರು ಚೂರೇ ಉಜ್ಜುವುದು, ಪ್ರತಿ ಸಲ ಕಂಡದ್ದನ್ನು ಬರೆದುಕೊಳ್ಳುವುದು, ಮತ್ತೆ ಉಜ್ಜುವುದು. ಕೊನೆಗೆ ಕಲ್ಲು ಪೂರ್ತಿ ಸವೆದು ಪುಡಿಯಾಗುತ್ತದೆ, ಉಳಿಯುವುದು ಮೇಣದಲ್ಲಿ ಪದರ ಪದರವಾಗಿ ಕಟ್ಟಿದ ದೊಡ್ಡ ಮಾದರಿ. 1927ರಲ್ಲಿ ಇದನ್ನೆಲ್ಲ ಪ್ರಕಟಿಸಿದರು. ಮೆದುಳಿನ ಭಾಗಗಳು, ಮುಖಕ್ಕೆ ಹೋಗುವ ನರಗಳು, ರಕ್ತನಾಳಗಳು, ಒಳಕಿವಿಯ ಅರೆವೃತ್ತ ನಾಳಗಳು, ಎಲ್ಲ ಅಲ್ಲಿವೆ. ನಮಗೆ ಕಿವಿಗೆ ಮೂರು ಅರೆವೃತ್ತ ನಾಳ, ಅದಕ್ಕೆ ಎರಡು. ನಾನು ಆ ಚಿತ್ರಗಳನ್ನು ಮೊದಲ ಸಲ ನೋಡಿದಾಗ ರಾತ್ರಿ ನಿದ್ದೆ ಬರಲಿಲ್ಲ. 40 ಕೋಟಿ ವರ್ಷ ಹಿಂದಿನ ಮೀನಿನ ತಲೆಯೊಳಗೆ ನರವೊಂದು ಯಾವ ದಾರಿಯಲ್ಲಿ ಹೋಗಿತ್ತು ಅಂತ ಬೆರಳಿಟ್ಟು ತೋರಿಸಬಹುದು ಅನ್ನುವುದೇ ನಂಬಲಿಕ್ಕಾಗಲಿಲ್ಲ. ಈಗ ಕಲ್ಲು ಹಾಳು ಮಾಡಬೇಕಿಲ್ಲ, ಎಕ್ಸ್‌ರೇಯಲ್ಲೇ ನೋಡುತ್ತಾರೆ.

ಸೆಫಲಾಸ್ಪಿಸ್‌ನ ಗುಂಪಿಗೆ ಎದೆಯ ಪಕ್ಕ ಜೋಡಿ ರೆಕ್ಕೆ ಇತ್ತು. ನಮ್ಮ ತೋಳಿನ ಮೂಲ ಅದು. ಮೂಳೆಯೊಳಗೆ ನಮ್ಮಲ್ಲಿರುವಂಥ ಜೀವಕೋಶ ಇತ್ತು. ಇದರಿಂದ ಇನ್ನೊಂದು ತಪ್ಪು ತಿಳಿವಳಿಕೆ ಬಿಡಿಸಬಹುದು. ಇವತ್ತು ಬದುಕಿರುವ ದವಡೆಯಿಲ್ಲದ ಮೀನುಗಳು ಎರಡೇ ಗುಂಪು, ಲ್ಯಾಂಪ್ರಿ ಮತ್ತು ಹ್ಯಾಗ್‌ಫಿಶ್. ಸೆಫಲಾಸ್ಪಿಸ್‌ನಂಥ ದವಡೆಯಿಲ್ಲದ ಕವಚದ ಮೀನುಗಳೇ ಕವಚ ಕಳಚಿ ಲ್ಯಾಂಪ್ರಿಗಳಾದವು ಅಂತ ಹಳೇ ಪುಸ್ತಕಗಳಲ್ಲಿ ಇರುತ್ತದೆ. ಹಾಗಲ್ಲ. ಲ್ಯಾಂಪ್ರಿಗಳ ಕವಲು ಅದಕ್ಕಿಂತ ಮೊದಲೇ ಬೇರೆಯಾಗಿದೆ. ಸೆಫಲಾಸ್ಪಿಸ್ ಲ್ಯಾಂಪ್ರಿಗಿಂತ ನಮಗೇ ಹತ್ತಿರದ ನೆಂಟ.

ದವಡೆ ಹೇಗೆ ಬಂತು ಅಂತ ಮಕ್ಕಳು ಮುಂದೆ ಕೇಳೇ ಕೇಳುತ್ತಾರೆ. ಮುಂದಿನ ಕಿವಿರಿನ ಕಮಾನು ಮಡಿಚಿ ದವಡೆಯಾಯಿತು ಅಂತ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಅದು ಅರ್ಧ ಕಥೆ. ಲ್ಯಾಂಪ್ರಿಯ ಮೂಗು ಒಂದೇ, ಮುಖದ ನಟ್ಟನಡುವೆ. ಭ್ರೂಣ ಬೆಳೆಯುವಾಗ ಆ ಮೂಗೇ ದಾರಿಗೆ ಅಡ್ಡ, ಮೇಲ್ದವಡೆ ಆಗಬೇಕಾದ ಅಂಗಾಂಶ ಮುಂದೆ ಬರಲಿಕ್ಕೆ ಜಾಗವಿಲ್ಲ. 2011ರಲ್ಲಿ ಚೀನಾದ ಶೂಯು ಎಂಬ ದವಡೆಯಿಲ್ಲದ ಮೀನಿನ ತಲೆಯನ್ನು, ಉಗುರಿನಷ್ಟೇ ದೊಡ್ಡದು, ಗಾಯ್ ಜಿಕುನ್ ಮತ್ತು ಜೊತೆಗಾರರು ಸಿಂಕ್ರೊಟ್ರಾನ್ ಎಂಬ ದೊಡ್ಡ ಯಂತ್ರದ ತುಂಬ ಪ್ರಖರವಾದ ಎಕ್ಸ್‌ರೇಯಲ್ಲಿ ನೋಡಿದರು. ಒಳಗೆ ಮೂಗಿನ ಚೀಲಗಳು ಎರಡಾಗಿ, ಎಡಕ್ಕೊಂದು ಬಲಕ್ಕೊಂದು ಸರಿದುಬಿಟ್ಟಿವೆ. ದವಡೆ ಇನ್ನೂ ಬಂದಿಲ್ಲ, ಅದಕ್ಕೆ ಜಾಗ ಮಾತ್ರ ಖಾಲಿಯಾಗಿದೆ. ಆ ಮೀನಿನ ವಯಸ್ಸು ಸುಮಾರು 43 ಕೋಟಿ ವರ್ಷ.

ಇನ್ನು ಎರಡನೇ ಮಾತು, ದವಡೆಯ ಮೀನುಗಳು ಬಂದು ಇವನ್ನು ಮುಗಿಸಿದವು ಅನ್ನುವುದು. ಲೆಕ್ಕ ಹಾಕಿ ನೋಡಿ. ಚೀನಾದ ಚೊಂಗ್‌ಚಿಂಗ್ ಕಡೆ ಸಿಕ್ಕ ದವಡೆ ಮೀನುಗಳಿಗೆ 43.6 ಕೋಟಿ ವರ್ಷ. ಕವಚದ ಮೀನುಗಳ ಕೊನೆಯ ಗುಂಪುಗಳು ಕಾಣೆಯಾಗುವುದು ಡೆವೋನಿಯನ್ ಕಾಲದ ಕೊನೇ ಭಾಗದಲ್ಲಿ, ಸುಮಾರು 37 ಕೋಟಿ ವರ್ಷ ಹಿಂದೆ. ಅಂದರೆ ಇಬ್ಬರೂ ಒಂದೇ ಕಾಲದಲ್ಲಿ 6 ಕೋಟಿ ವರ್ಷಕ್ಕೂ ಜಾಸ್ತಿ ಬದುಕಿದ್ದರು. ಡೈನೋಸಾರ್‌ಗಳು ಅಳಿದು ಇವತ್ತಿಗೆ 6.6 ಕೋಟಿ ವರ್ಷ, ಹೆಚ್ಚೂಕಡಿಮೆ ಅಷ್ಟೇ ಕಾಲ! ಅಷ್ಟೂ ದಿನ ಸೋಲುತ್ತಲೇ ಇದ್ದವು ಅಂದರೆ ಆ ಮಾತಿಗೆ ಅರ್ಥವಿಲ್ಲ. ಆ ನಡುವೆಯೇ ಸ್ಯಾಮೊಸ್ಟಿಡ್ ಎಂಬ ದವಡೆಯಿಲ್ಲದ ಚಪ್ಪಟೆ ಮೀನುಗಳು ಒಂದೂವರೆ ಮೀಟರಿನಷ್ಟು ದೊಡ್ಡದಾಗಿ ಬೆಳೆದವು.

ಇವು ಅಳಿದದ್ದಕ್ಕೆ ಕಾರಣ ಒಂದೇ ಅಲ್ಲ. ಇವುಗಳ ಬಾಳೆಲ್ಲ ದಡದ ಹತ್ತಿರ, ಆಳವಿಲ್ಲದ ನೀರಿನಲ್ಲಿ, ಹಿನ್ನೀರಿನಲ್ಲಿ, ನದೀಮುಖದಲ್ಲಿ. ಒಂದೊಂದು ಕಡೆಗೆ ಒಂದೊಂದು ಜಾತಿ, ಅಲ್ಲೇ ಹುಟ್ಟಿ ಅಲ್ಲೇ ಮುಗಿಯುವಂಥವು. ಅಗಲವಾದ ಸಮುದ್ರ ದಾಟಿ ಹೋಗುವ ಮೀನುಗಳಲ್ಲ. ಡೆವೋನಿಯನ್ ಕೊನೆಗೆ ಸಮುದ್ರ ಮಟ್ಟ ಏರಿಳಿಯಿತು, ನೀರಿನಲ್ಲಿ ಆಮ್ಲಜನಕ ಕಡಿಮೆಯಾದ ಕಾಲಗಳು ಬಂದವು, ಹವಳದ ದಿಬ್ಬಗಳು ಕುಸಿದವು. ದಡವೇ ಕೈಬಿಟ್ಟರೆ ದಡದ ಮೀನು ಎಲ್ಲಿಗೆ ಹೋಗಬೇಕು? ಬೇಟೆಯಾಡುವ ದವಡೆ ಮೀನುಗಳು ಆ ಹೊತ್ತಿಗೆ ಹೆಚ್ಚಿದ್ದದ್ದೂ ನಿಜ, ಪ್ಲಾಕೊಡರ್ಮ್ ಎಂಬ ದೊಡ್ಡ ದವಡೆ ಮೀನುಗಳು ಇದ್ದವು. ಆದರೆ ಡೆವೋನಿಯನ್ ಮುಗಿಯುವಷ್ಟರಲ್ಲಿ ಆ ಪ್ಲಾಕೊಡರ್ಮ್‌ಗಳೂ ಅಳಿದವು. ದವಡೆ ಇದ್ದೂ ಉಳಿಯಲಿಲ್ಲ. ಕೊನೊಡಾಂಟ್‌ಗಳು ದವಡೆ ಇಲ್ಲದೆಯೇ ಟ್ರಯಾಸಿಕ್ ಎಂಬ ಕಾಲದ ಕೊನೆಯವರೆಗೆ, ಇನ್ನೂ 15 ಕೋಟಿ ವರ್ಷದಷ್ಟು, ಬದುಕಿದವು.

ಈಗ 18 ಸಾವಿರದ ವಿಷಯ.

ಪೂರ್ತಿ ಮೈಯಿರುವ, ತಲೆ ಬಾಲ ಎಲ್ಲ ಚೆಂದ ಕಾಣುವ ಸೆಫಲಾಸ್ಪಿಸ್ ಸಿಗುವುದು ತುಂಬ ಅಪರೂಪ. ಅಗಾಸಿ ಹೆಸರಿಟ್ಟ ಸ್ಕಾಟ್ಲೆಂಡಿನ ಗ್ಲಾಮಿಸ್‌ನ ಮೀನು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಹೆಚ್ಚಿನ ಕಡೆ ಸಿಗುವುದು ತಲೆಗವಚದ ತುಂಡು, ಅದೂ ಒಡೆದದ್ದು. ಹಾಗಾಗಿ ಪೂರ್ತಿ ಮೀನು ಅಂತ ಕಡಿಮೆ ಬೆಲೆಗೆ ಬಂದರೆ ನನಗೆ ಮೊದಲು ಅನುಮಾನವೇ ಬರುತ್ತದೆ. ನನ್ನ ಹತ್ತಿರ ಜನ ತಂದು ತೋರಿಸಿದ ಇಂಥ ಕಲ್ಲುಗಳಲ್ಲಿ ಮೂರು ಬಗೆಯ ಮೋಸ ನೋಡಿದ್ದೇನೆ. ರೆಸಿನ್ ಸುರಿದು ಅಚ್ಚು ಹಾಕಿದ್ದು ಒಂದು, ಲೆನ್ಸ್ ಹಿಡಿದರೆ ಸೂಜಿಮೊನೆಯಷ್ಟು ಗಾಳಿಗುಳ್ಳೆ ಕಾಣುತ್ತದೆ. ನಿಜವಾದ ತಲೆಗೆ ಕೆತ್ತಿದ ಮೈ ಅಂಟಿಸಿದ್ದು ಇನ್ನೊಂದು. ಬರೀ ಕಲ್ಲಿಗೆ ಬಣ್ಣ ಬಳಿದದ್ದು ಮತ್ತೊಂದು, ಅಸಿಟೋನ್ ಅದ್ದಿದ ಹತ್ತಿಯಿಂದ ಒಂದು ಮೂಲೆ ಒರೆಸಿದರೆ ಬಣ್ಣ ಬಿಡುತ್ತದೆ. ಕೊನೇದನ್ನು ತಂದದ್ದು ಒಬ್ಬ ತಂದೆ, ಮಗನ ಹುಟ್ಟುಹಬ್ಬಕ್ಕೆ ಕೊಂಡಿದ್ದರು. ಅವರ ಮುಂದೆ ಆ ಹತ್ತಿ ಕಂದು ಬಣ್ಣಕ್ಕೆ ತಿರುಗಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೋಸ ಇಲ್ಲದಿದ್ದರೂ ಕಾನೂನಿನ ತೊಡಕು ಇದೆ. ಚೀನಾದಲ್ಲಿ 2011ರಿಂದ ಪಳೆಯುಳಿಕೆ ರಕ್ಷಣೆಯ ನಿಯಮ ಜಾರಿಯಲ್ಲಿದೆ, ಅನುಮತಿ ಇಲ್ಲದೆ ಹೊರಗೆ ತರುವ ಹಾಗಿಲ್ಲ. ಅಲ್ಲಿನದು ಅಂತ ಹೇಳಿ ಮಾರಿದರೆ ಮುಟ್ಟಲೇಬೇಡಿ. ಕೆನಡಾದ ಮಿಗುವಾಶಾ ವಿಶ್ವ ಪರಂಪರೆಯ ತಾಣ, ಅಲ್ಲಿಂದ ಬಂದದ್ದು ಅಂದರೂ ಅಷ್ಟೇ.

ಹಾಗೂ ನಿಜವಾದ ಒಂದು ಚೂರು ಮಕ್ಕಳ ಕೈಗೆ ಸಿಗಲೇಬೇಕು ಅನ್ನಿಸಿದರೆ, ಪೂರ್ತಿ ಮೀನಿನ ಆಸೆ ಬಿಟ್ಟು ಪ್ಟೆರಾಸ್ಪಿಡ್, ಅಂದರೆ ಪ್ಟೆರಾಸ್ಪಿಸ್ ಗುಂಪಿನ ಮೀನಿನ ಫಲಕದ ಸಣ್ಣ ತುಂಡು ಕೇಳಿ. ಇಂಗ್ಲೆಂಡ್ ವೇಲ್ಸ್ ಗಡಿಯ ಹಳೇ ಕೆಂಪು ಮರಳುಗಲ್ಲಿನಲ್ಲಿ, ಉಕ್ರೇನಿನ ಡ್ನಿಸ್ಟರ್ ನದಿಯ ಕಣಿವೆಯಲ್ಲಿ ಇವು ಸಾಕಷ್ಟು ಸಿಕ್ಕಿವೆ. ಯಾವ ಊರಿನ ಯಾವ ಪದರದ್ದು, ಯಾವಾಗ ತೆಗೆದದ್ದು, ತರಲಿಕ್ಕೆ ಅನುಮತಿ ಇತ್ತಾ ಅಂತ ಬರೆದು ಕೊಡಲಿ. ಕಲ್ಲಿನ ಹಿಂಬದಿಯ ಫೋಟೊ, ಅಳತೆಪಟ್ಟಿ ಇಟ್ಟು ತೆಗೆದ ಫೋಟೊ ಕಳಿಸಲಿ. ಕೊಡದಿದ್ದರೆ ಬೇಡ. ಕೈಗೆ ಬಂದ ಮೇಲೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿದು, ಬೆಳಕು ಓರೆಯಾಗಿ ಬೀಳುವ ಹಾಗೆ ಕಿಟಕಿಯ ಹತ್ತಿರ ನೋಡಿ. ಫಲಕದ ಮೇಲೆ ಬೆರಳಚ್ಚಿನ ಹಾಗೆ ನುಣುಪಾದ ಸಣ್ಣ ಗೆರೆಗಳು, ಒಂದರ ಪಕ್ಕ ಒಂದು ಬಾಗಿಕೊಂಡು ಹೋಗಿರುತ್ತವೆ. ಅದು ಡೆಂಟಿನ್. ನಮ್ಮ ಹಲ್ಲಿನಲ್ಲಿ ಎನಾಮಲ್ ಕೆಳಗೆ ಇರುವುದೂ ಅದೇ ಪದಾರ್ಥ. ಒಂದು ಮಿಲಿಮೀಟರಿಗೆ ಎಷ್ಟು ಗೆರೆ ಇದೆ ಅಂತ ಎಣಿಸಿ ಜಾತಿ ಗುರುತಿಸಲಿಕ್ಕೂ ಬಳಸುತ್ತೇವೆ. ಕೆತ್ತಿ ಮಾಡಿದ ಮಾಲಿನಲ್ಲಿ ಈ ಗೆರೆ ಬರುವುದಿಲ್ಲ.

ನನ್ನನ್ನು ಕೇಳಿದರೆ ಅದೂ ಬೇಡ. ಬ್ರಿಟನ್ನಿನ ಭೂವಿಜ್ಞಾನ ಸಂಸ್ಥೆ, ಮ್ಯೂಸಿಯಂಗಳು ಸೇರಿ ಪಳೆಯುಳಿಕೆಗಳ ತ್ರೀಡಿ ಮಾದರಿಗಳನ್ನು ಉಚಿತವಾಗಿ ಇಳಿಸಿಕೊಳ್ಳಲಿಕ್ಕೆ ಕೊಟ್ಟಿವೆ. ಹತ್ತಿರದ ಯಾವುದಾದರೂ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದ್ದರೆ ತ್ರೀಡಿ ಪ್ರಿಂಟರ್ ಇರುತ್ತದೆ, ಮಾತಾಡಿ ನೋಡಿ. ಮಾದರಿಯ ತಲೆ ಮಕ್ಕಳ ಕೈಯಿಂದ ಕೈಗೆ ಹೋಗಲಿ, ಬಿದ್ದರೂ ಚಿಂತೆಯಿಲ್ಲ. ಪ್ರಿಂಟರ್ ಸಿಗದಿದ್ದರೆ ಜೇಡಿಮಣ್ಣು ಇದೆ. ಗಣಪತಿ ಮಾಡುವ ಮಣ್ಣಿನಲ್ಲಿ ಲಾಳದ ಆಕಾರದ ತಲೆ, ಮೇಲೆ ಎರಡು ಕಣ್ಣು, ನಡುವೆ ಒಂದು ಸಾಸಿವೆ ತೂತು, ಮುಂದೆ ಮೂಗು, ಅಡಿಯಲ್ಲಿ ಬಾಯಿ ಮತ್ತು ಕಿವಿರಿನ ರಂಧ್ರಗಳ ಸಾಲು. ಒಂದು ಪೀರಿಯಡ್ ಸಾಕು.

ನಿಮ್ಮ ಕಡೆಯ ಕಲ್ಲಿನಲ್ಲಿ ಈ ಮೀನು ಸಿಗುವುದಿಲ್ಲ. ಚಿತ್ರದುರ್ಗದ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು, ಈ ಮೀನುಗಳಿಗಿಂತ ಐದಾರು ಪಟ್ಟು ಹಿಂದಿನವು. ಮೂಳೆ ಅನ್ನುವುದೇ ಆಗ ಇರಲಿಲ್ಲ. ನಮ್ಮ ರಾಜ್ಯದ ಉತ್ತರದ ಕಲಾದಗಿ, ಭೀಮಾ ಕಡೆಯ ಸುಣ್ಣಕಲ್ಲು ಕೂಡ ಮೀನಿಗಿಂತ ಹಳೇದು, ಅದರ ಮೇಲಿನ ಕಪ್ಪು ಲಾವಾ ಕಲ್ಲು ತೀರಾ ಈಚಿನದು. ಮೀನಿನ ಕಾಲದ ಸಮುದ್ರದ ಪದರ ಎರಡರ ನಡುವೆ ಇಲ್ಲ. ಆದರೆ ನಿಮ್ಮ ಜಿಲ್ಲೆಯಲ್ಲೇ ಮರಡಿಹಳ್ಳಿಯ ದಿಂಬಿನ ಲಾವಾ ಇದೆ. ಸಮುದ್ರದ ತಳದಲ್ಲಿ ಉಕ್ಕಿ, ನೀರು ತಾಗಿದ ಕೂಡಲೇ ದಿಂಬು ದಿಂಬಾಗಿ ಗಟ್ಟಿಯಾದದ್ದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಆ 18 ಸಾವಿರದಲ್ಲಿ ಒಂದು ಬಸ್ ಮಾಡಿ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಮಣ್ಣಿನ ಮೀನುಗಳನ್ನೂ ಜೊತೆಗೆ ಒಯ್ಯಿರಿ. ಒಂದು ಉದ್ದ ಹಗ್ಗ ಬಿಚ್ಚಿ, ಒಂದು ಕೋಟಿ ವರ್ಷಕ್ಕೆ ಒಂದು ಗೇಣು ಅಂತ ಅಳೆದು, ಒಂದು ತುದಿ ಆ ಲಾವಾ ಹತ್ತಿರ ಇಟ್ಟು, ಇನ್ನೊಂದು ತುದಿಯಲ್ಲಿ ನೀವು ನಿಲ್ಲಿ. ನಿಮ್ಮಿಂದ 45 ಗೇಣು ದೂರದಲ್ಲಿ ಸಕಬಂಬಾಸ್ಪಿಸ್ ಇಡಬೇಕು. ಆ ಹುಡುಗನ ಕೈಯಲ್ಲೇ ಇಡಿಸಿ.